ದ್ವಿದಳ ಮಾಸದ ಮೇಣ

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಸುಮ್ಮನೆ ಆರಿಸುವಂತಿಲ್ಲ, ಅದು ಪಾಸಾಗಬೇಕು. ಪಾಸು ಮಾಡುವವರು ನಮ್ಮ ಯಜಮಾನರು, ಕೃಷ್ಣಸ್ವಾಮಿ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ತಲೆ ನರೆಯುವವರೆಗೆ ಕೂತಿದ್ದವರು. ಅವರ ಮೇಜು ದಾಟದೆ ಒಂದು ನಟ್ಟು ಬೋಲ್ಟೂ ಗೇಟಿನಿಂದಾಚೆ ಹೋಗುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ನಟ್ಟು ಬೋಲ್ಟುಗಳು ಇವರ ಹಂಗಿಲ್ಲದೆ ಓಡಾಡತೊಡಗಿದವು, ಇವರು ತರಕಾರಿಗೆ ಬಂದರು. ಬೆಂಡೆಕಾಯಿಯ ತುದಿ ಮುರಿದು ನೋಡಿ "ರಿಜೆಕ್ಟ್" ಎನ್ನುವುದು, ಮುಂದಿನದನ್ನು ಮುರಿಯುವುದು. ತಳ್ಳುಗಾಡಿಯ ವೆಂಕಟಮ್ಮ ಈಗ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಒಳ್ಳೆಯ ಬೆಂಡೆಕಾಯಿ ತರುತ್ತಿದ್ದಳು.

ನಾನು ಸೀತಾಲಕ್ಷ್ಮಿ. ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಮೇಣದಬತ್ತಿ ಮಾಡುವುದನ್ನು ಕಲಿತೆ. ಕರೆಂಟು ಹೋದಾಗ ಹಚ್ಚುತ್ತಿದ್ದ ಕಡ್ಡಿಯಂಥ ಬತ್ತಿಯಲ್ಲ. ಕರಗಿಸಿದ ಮೇಣಕ್ಕೆ ಪರಿಮಳ ಬೆರೆಸಿ ಗಾಜಿನ ಲೋಟಕ್ಕೆ ಹೊಯ್ದು ಮಾಡುವಂಥದ್ದು. ಜೊತೆಗೆ ಕಲಿತವರೆಲ್ಲ ಒಂದೊಂದು ಮಾಡಿ ಷೋಕೇಸಿನಲ್ಲಿಟ್ಟು ಮರೆತರು. ನನಗೆ ಮಾತ್ರ ಹುಚ್ಚು ಹಿಡಿಯಿತು. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಅಡುಗೆಮನೆಯ ಕಿಟಕಿಗೆ ತಾಗಿದಂತೆ ಒಂದು ಕೆಂಡಸಂಪಿಗೆ ಮರವಿತ್ತು. ಆ ವಾಸನೆಯನ್ನು ಲೋಟದಲ್ಲಿ ಕೂರಿಸಬೇಕೆಂದು ಹಟಕ್ಕೆ ಬಿದ್ದೆ. ಎಷ್ಟೋ ಲೋಟ ಹಾಳಾದ ಮೇಲೆ ಒಂದು ದಿನ ಕೂತಿತು. ಆ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ನೋಡುವವರಿದ್ದರೆ ಏನೋ ಆಗಿದೆ ಇವಳಿಗೆ ಅಂದುಕೊಳ್ಳುತ್ತಿದ್ದರು.

ಮಗಳು ಶ್ರೀರಂಜನಿ ಅದನ್ನು ವೈಟ್‌ಫೀಲ್ಡಿನ ತನ್ನ ಆಫೀಸಿಗೆ ಒಯ್ದಳು. ಅದೇ ತಿಂಗಳು ಅರ್ಧ ಜನರನ್ನು ಕೆಲಸದಿಂದ ತೆಗೆದು, ಉಳಿದರ್ಧಕ್ಕೆ ಮನಶ್ಶಾಂತಿ ಹಂಚಲು ಹೊರಟಿದ್ದ ಆಫೀಸು ಅದು.

"ಅಮ್ಮಾ, ದೀಪಾವಳಿಗೆ ಎಲ್ಲರಿಗೂ ಇದನ್ನೇ ಗಿಫ್ಟ್ ಕೊಡ್ತಾರಂತೆ ಕಣೇ. ಇನ್ನೂರು ಲೋಟ!" ಎಂದು ಪಿತೃಪಕ್ಷದಲ್ಲಿ ಒಂದು ದಿನ ಫೋನು ಮಾಡಿದಳು. "ಆದ್ರೆ ಸೋಯಾ ಮೇಣದ್ದೇ ಆಗ್ಬೇಕಂತೆ. ಪೆಟ್ರೋಲಿಂದ ಬರೋ ಮೇಣ ಪರಿಸರಕ್ಕೆ ಒಳ್ಳೇದಲ್ಲ ಅಂತಾರೆ. ಇನ್ನೊಂದು ವಿಷ್ಯ. ಮುಚ್ಚಳದ ಮೇಲೆ ನಿನ್ನ ಹೆಸರು ಇರ್ಬೇಕಂತೆ. ಸೀತಾಲಕ್ಷ್ಮಿ ಅಂತ, ಕನ್ನಡದಲ್ಲೇ."

ಪರಿಸರದ ಮಾತನಾಡಿದವರೆಲ್ಲ ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಆಫೀಸಿಗೆ ಬರುವವರು ಎಂದು ಮಗಳೇ ಹೇಳಿದ್ದಳು. ಇರಲಿ. ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ನನ್ನ ಹೆಸರು ಅಚ್ಚಾದದ್ದು ಮದುವೆಯ ಲಗ್ನಪತ್ರಿಕೆಯಲ್ಲಿ ಒಮ್ಮೆ, ರೇಷನ್ ಕಾರ್ಡಿನಲ್ಲಿ ಒಮ್ಮೆ, ಅದೂ ತಪ್ಪಾಗಿ. ಕ್ವಾರ್ಟರ್ಸಿನ ಬಾಗಿಲಲ್ಲಿ ಇವರ ಹೆಸರು, ಕಟ್ಟಿಸಿದ ಮನೆಯ ಬಾಗಿಲಲ್ಲೂ ಇವರದೇ ಹೆಸರು, ಕೆಳಗೆ ಹುದ್ದೆ, ಅದರ ಕೆಳಗೆ ಕಂಸದಲ್ಲಿ ನಿವೃತ್ತ. ಮುಚ್ಚಳದ ಮೇಲೆ ಸೀತಾಲಕ್ಷ್ಮಿ ಎಂದು ಬರೆದದ್ದನ್ನು ಮನಸ್ಸಿನಲ್ಲೇ ನೋಡಿಕೊಂಡು, ಒಲೆಯ ಮೇಲಿದ್ದ ಪಲ್ಯವನ್ನು ಸೀಯಿಸಿಬಿಟ್ಟೆ.

"ಪಿತೃಪಕ್ಷದಲ್ಲಿ ಹೊಸ ಕೆಲಸ ಬೇಡ" ಎಂದರು ಯಜಮಾನರು. ಸರಿ, ಕಾದೆ. ಮಹಾಲಯ ಅಮಾವಾಸ್ಯೆ ಕಳೆದ ಮರುದಿನವೇ ಪೀಣ್ಯಕ್ಕೆ ಹೊರಟೆ. ಇವರೂ ಇಸ್ತ್ರಿ ಶರ್ಟು ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಹೊರಟರು. ನಾನು ಕರೆದಿರಲಿಲ್ಲ.

ಪೀಣ್ಯದ ಎರಡನೇ ಹಂತದಲ್ಲಿ ನಂದೀಶ್ ಎನ್ನುವವನು ಮೇಣದ ವ್ಯಾಪಾರಿ. ಲೇತ್ ಅಂಗಡಿಗಳ ಸದ್ದಿನ ನಡುವೆ ಅವನ ಗೋಡೌನು. ಪ್ಯಾರಾಫಿನ್ ಮೇಣ ಗಟ್ಟಿ ಹಲಗೆಗಳಲ್ಲಿ, ಸೋಯಾ ಮೇಣ ಚೀಲದ ತುಂಬ ಬಿಳಿಯ ಚಕ್ಕೆಗಳಲ್ಲಿ, ಮೂಲೆಯಲ್ಲಿ ಜೇನುಮೇಣ, ಡಬ್ಬಿಯಲ್ಲಿ ತೆಂಗಿನೆಣ್ಣೆಯ ಮೇಣ.

"ಅಮ್ಮಾ, ಲೋಟಕ್ಕೆ ಹುಯ್ಯೋದಾದ್ರೆ ಕಣ್ಮುಚ್ಕೊಂಡು ಸೋಯಾ ತಗೊಳ್ಳಿ" ಎಂದ. "ಮೆತ್ತಗಿರುತ್ತೆ, ಗಾಜಿಗೆ ಅಂಟ್ಕೊಳ್ಳುತ್ತೆ. ಪ್ಯಾರಾಫಿನ್ನು ಆರಿದ್ಮೇಲೆ ಕುಗ್ಗುತ್ತೆ, ಗಾಜು ಬಿಟ್ಕೊಂಡು ಬಂದ್ಬಿಡುತ್ತೆ. ಸೋಯಾದಲ್ಲಿ ಒಂದೇ ತೊಂದ್ರೆ. ಹುಯ್ದು ಎರಡು ವಾರ ಮುಚ್ಚಿಡ್ಬೇಕು. ಆಗ್ಲೇ ವಾಸ್ನೆ ಒಳಕ್ಕೆ ಇಳಿಯೋದು."

ಯಜಮಾನರು ಸೋಯಾ ಚಕ್ಕೆಯೊಂದನ್ನು ಉಗುರಿನಿಂದ ಒತ್ತಿದರು. ಉಗುರು ಒಳಗೆ ಹೋಯಿತು. ಅವರ ಮುಖ ನೋಡಬೇಕಿತ್ತು.

"ಏನಯ್ಯಾ ಇದು, ಬೆಣ್ಣೆ ಇದ್ದ ಹಾಗಿದೆ! ಹಾರ್ಡ್‌ನೆಸ್ಸೇ ಇಲ್ಲ."

"ಲೋಟದೊಳಗೆ ಕೂತಿರೋದು ರೀ ಅದು. ತನ್ನ ಕಾಲ ಮೇಲೆ ತಾನು ನಿಲ್ಲಬೇಕಾಗಿಲ್ಲ" ಎಂದೆ.

"ನಿನಗೆ ಗೊತ್ತಾಗಲ್ಲ ಸೀತೂ. ಗಟ್ಟಿ ಇರೋದೇ ಕ್ವಾಲಿಟಿ. ನಾಲ್ಕೂ ಸ್ಯಾಂಪಲ್ ತಗೋ. ಟೆಸ್ಟ್ ಆಗಲಿ."

ಮನೆಗೆ ಬಂದು ಊಟದ ಎಲೆಯ ಮುಂದೆ ಕೂತಾಗ ಟೆಕ್ನಿಕಲ್ ಕಮಿಟಿ ರಚನೆಯಾಗಿರುವುದನ್ನು ಪ್ರಕಟಿಸಿದರು. ಅಧ್ಯಕ್ಷರು ತಾವು. ಸದಸ್ಯರಿಬ್ಬರು: ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದ ಸುಧೀಂದ್ರ ಮತ್ತು ಖರೀದಿ ವಿಭಾಗದಲ್ಲಿದ್ದ ವಾದಿರಾಜ. ವಾದಿರಾಜರು ನಿವೃತ್ತಿಯಾದ ಮೇಲೆ ಟೆಂಡರು ಬಿಟ್ಟು ಶಾಸ್ತ್ರ ಹಿಡಿದವರು. ಏಕಾದಶಿ ಇವತ್ತೋ ನಾಳೆಯೋ ಎಂದು ಬೀದಿಯವರೆಲ್ಲ ಅವರನ್ನೇ ಕೇಳುತ್ತಾರೆ. ಕಮಿಟಿಗೆ ನನ್ನನ್ನು ಸೇರಿಸಲಿಲ್ಲವೇ ಎಂದು ಕೇಳಿದೆ. "ನೀನು ತಯಾರಕಿ. ತಯಾರು ಮಾಡೋರು ಇನ್ಸ್‌ಪೆಕ್ಷನ್‌ನಲ್ಲಿ ಕೂರೋ ಹಾಗಿಲ್ಲ" ಎಂದರು. ತಿಂಡಿ ತಯಾರು ಮಾಡುವುದಕ್ಕೆ ಮಾತ್ರ ಆ ನಿಯಮ ಅಡ್ಡ ಬರಲಿಲ್ಲ.

ಮೊದಲ ಪರೀಕ್ಷೆ ನವರಾತ್ರಿಯ ಶುಕ್ರವಾರ ಸಂಜೆ. ನಾಲ್ಕು ಮೇಣದಲ್ಲೂ ಒಂದೊಂದು ಲೋಟ ಮಾಡಿ ಕೊಟ್ಟಿದ್ದೆ, ನಾಲ್ಕಕ್ಕೂ ಸಂಪಿಗೆಯ ಪರಿಮಳ. ಹೇಗೆ ನೋಡಬೇಕೆಂದೂ ಹೇಳಿದ್ದೆ: ಒಂದೊಂದನ್ನು ಒಂದೊಂದು ಕೋಣೆಯಲ್ಲಿ ಹಚ್ಚಬೇಕು, ಮೇಲಿನ ಮೇಣ ಗಾಜಿನ ಅಂಚಿನವರೆಗೆ ಕರಗಿದ ಮೇಲೆ ಆರಿಸಬೇಕು, ತಣ್ಣಗಾದ ಮೇಲೆ ಮತ್ತೆ ಹಚ್ಚಬೇಕು. ಎರಡನೇ ಸಲದ ಉರಿಯಲ್ಲಿ ಮೇಣದ ಯೋಗ್ಯತೆ ತಿಳಿಯುತ್ತದೆ. ಮಹನೀಯರು ನಾಲ್ಕನ್ನೂ ಹಾಲಿನ ಒಂದೇ ಟೀಪಾಯಿಯ ಮೇಲಿಟ್ಟು ಒಟ್ಟಿಗೆ ಹಚ್ಚಿದರು. ಮೂರು ತಲೆಗಳು ಬಗ್ಗಿದವು, ಮೂರು ಮೂಗುಗಳು ಆಡಿದವು.

"ಈ ವಾಸನೆ ಯಾವುದರದ್ದು?" ಎಂದರು ಸುಧೀಂದ್ರ.

"ಅದನ್ನೇ ಕಂಡುಹಿಡೀಬೇಕು" ಎಂದರು ಅಧ್ಯಕ್ಷರು.

ಕಂಡುಹಿಡಿಯಲಾಗಲಿಲ್ಲ. ಅಂಚಿನವರೆಗೆ ಕರಗಿತು, ಈಗ ಆರಿಸಿ ಎಂದೆ. ಮೂವರೂ ಕೈ ಹಿಂದಕ್ಕೆ ತೆಗೆದುಕೊಂಡರು. ಶುಕ್ರವಾರ, ನವರಾತ್ರಿ, ದೀಪ ಹಚ್ಚುವ ಹೊತ್ತು. ಒಳಗೆ ಕಲಶ ಕೂರಿಸಿದ್ದೇವೆ. ಊದಿ ಆರಿಸುವುದೇ! ಇದು ದೀಪವೋ ಅಲ್ಲವೋ ಎಂಬ ಚರ್ಚೆ ಹುಟ್ಟಿತು. ದೀಪವಾದರೆ ಆರಿಸುವಂತಿಲ್ಲ, ದೀಪವಲ್ಲವಾದರೆ ದೀಪಾವಳಿಗೆ ಕೊಡುವಂತಿಲ್ಲ ಎಂದರು ವಾದಿರಾಜರು. ನಿಜ ಹೇಳುತ್ತೇನೆ, ಊದುವುದಕ್ಕೆ ನನಗೂ ಬಾಯಿ ಬರಲಿಲ್ಲ. ಮುಚ್ಚಳ ಮುಚ್ಚಿದ್ದರೆ ತಾನಾಗಿ ಶಾಂತವಾಗುತ್ತಿತ್ತು. ಆದರೆ ನನ್ನ ಹೆಸರು ಅಚ್ಚು ಹಾಕಿಸಿ ಮಗಳು ಕಳಿಸಿದ್ದ ಮುಚ್ಚಳಗಳು ಇನ್ನೂ ಪಾಸಾಗಿರಲಿಲ್ಲ, ಇವರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಕೇಸರಿಬಾತು ಮುಗಿಸಿ ಕಮಿಟಿ ಮನೆಗೆ ಹೋಯಿತು. ಬೆಳಗ್ಗೆ ನಾಲ್ಕು ಖಾಲಿ ಲೋಟಗಳಿದ್ದವು. ಅಧ್ಯಕ್ಷರು ಪ್ಯಾಡಿನಲ್ಲಿ ಬರೆದರು: ನಾಲ್ಕೂ ಪೂರ್ಣವಾಗಿ ಉರಿದಿವೆ, ವ್ಯತ್ಯಾಸ ಕಂಡುಬಂದಿಲ್ಲ, ಮರುಪರೀಕ್ಷೆ ಅಗತ್ಯ.

ಮರುಪರೀಕ್ಷೆಗೆ ಮುಂಚೆ ಆಯುಧಪೂಜೆ ಬಂತು. ಮೇಣ ಕರಗಿಸುವ ಪಾತ್ರೆಗೂ ಥರ್ಮಾಮೀಟರಿಗೂ ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಕೂರಿಸಿದರು, ವಿಜಯದಶಮಿವರೆಗೆ ಮುಟ್ಟುವಂತಿಲ್ಲ. ಅಂತೂ ಹಬ್ಬ ಕಳೆದು, ಏಕಾದಶಿಯ ಉಪವಾಸ ಕಳೆದು, ದ್ವಾದಶಿಯ ಸಂಜೆ ಕಮಿಟಿ ಮತ್ತೆ ಸೇರಿತು. ಆ ದಿನವೇ ಸೋಯಾ ಹೊಯ್ಯಲು ಶುರು ಮಾಡಿದರೆ ಎರಡು ವಾರ ಮುಚ್ಚಿಟ್ಟು ಹಬ್ಬಕ್ಕೆ ಸರಿಯಾಗಿ ಕೊಡಬಹುದಿತ್ತು. ನಾನು ಮೊಸರವಲಕ್ಕಿ ಕಲಸಿದೆ. ಚಾತುರ್ಮಾಸ್ಯದ ಕೊನೆಯ ತಿಂಗಳು ಆಗ ತಾನೇ ಹಿಡಿದಿತ್ತು. ಈ ತಿಂಗಳು ನಮ್ಮವರಲ್ಲಿ ದ್ವಿದಳ ವ್ರತ: ಒಡೆದರೆ ಎರಡಾಗುವ ಕಾಳು ಬೇಳೆ ಯಾವುದೂ ಅಡುಗೆಗೆ ಸೇರದು. ತೊಗರಿಬೇಳೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದ್ದೆ.

ವಾದಿರಾಜರು ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡು ಗಂಟಲು ಸರಿಮಾಡಿಕೊಂಡರು.

"ಕೃಷ್ಣಸ್ವಾಮಿ ಸಾರ್, ಒಂದು ಪಾಯಿಂಟು. ಸೋಯಾ ಅಂದ್ರೇನು?"

"ಒಂದು ಥರ ಕಾಳು."

"ಒಡೆದ್ರೆ?"

"ಎರಡು ಬೇಳೆ" ಎಂದ ನಮ್ಮ ಯಜಮಾನರು ಚಮಚ ಕೆಳಗಿಟ್ಟರು. "ಅಯ್ಯಯ್ಯೋ. ದ್ವಿದಳ!"

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ವಾದಿರಾಜರೇ, ಇದನ್ನ ಯಾರೂ ತಿನ್ನಲ್ಲ. ಉರಿಸ್ತಾರೆ" ಎಂದೆ.

"ಉರಿದದ್ದು ಎಲ್ಲಿಗೆ ಹೋಗುತ್ತೆ ಅತ್ತಿಗೆ? ಗಾಳಿಗೆ. ಗಾಳಿ ಎಲ್ಲಿಗೆ ಹೋಗುತ್ತೆ? ಮೂಗಿಗೆ. ಮೂಗಿಂದ?"

"ಮೂಗು ವೈಟ್‌ಫೀಲ್ಡಿನವರದ್ದು. ಅವರಲ್ಲಿ ಯಾರು ದ್ವಿದಳ ಮಾಡ್ತಾರೆ?"

"ಮಾಡದೇ ಇರಬಹುದು. ಆದ್ರೆ ತಯಾರಾಗೋದು ಯಾರ ಅಡುಗೆಮನೇಲಿ?"

ಉಳಿದ ಮೇಣಗಳನ್ನಾದರೂ ನೋಡಿ ಎಂದೆ. ಪ್ಯಾರಾಫಿನ್ ಮಸಿ ಬಿಡುತ್ತದೆ, ಆಫೀಸಿನವರು ಒಪ್ಪುವುದೂ ಇಲ್ಲ ಎಂದರು ಸುಧೀಂದ್ರ. ಜೇನುಮೇಣ ಶಾಸ್ತ್ರಕ್ಕೆ ಸರಿ, ಪಂಚಾಮೃತಕ್ಕೇ ಜೇನು ಹಾಕುತ್ತೇವಲ್ಲ. ಆದರೆ ಅದರ ಸ್ವಂತ ವಾಸನೆಯ ಮುಂದೆ ಸಂಪಿಗೆ ಏಳುವುದಿಲ್ಲ. ಮರುಪರೀಕ್ಷೆಗೆಂದು ಬೆಳಗ್ಗೆ ಹೊಯ್ದಿಟ್ಟಿದ್ದ ತೆಂಗಿನ ಮೇಣ ಮಧ್ಯಾಹ್ನದ ಬಿಸಿಲಿಗೆ ಲೋಟದಲ್ಲೇ ಪಾಯಸವಾಗಿತ್ತು. ಇಷ್ಟು ಸರಿಯಾಗಿಯೇ ಹೇಳಿದರು, ಇಲ್ಲವೆನ್ನುವುದಿಲ್ಲ. ಹಾಗಾದರೆ ಉಳಿದದ್ದು ಸೋಯಾ ತಾನೇ ಎಂದೆ. ಮತ್ತೆ ದ್ವಿದಳ!

ನನಗೆ ರೇಗಿತು. ಹುಡುಗಿಯಾಗಿದ್ದಾಗಿನಿಂದ ಹತ್ತಿ ಬಿಡಿಸಿ, ಬೀಜ ತೆಗೆದು, ದೇವರಿಗೆ ಬತ್ತಿ ಹೊಸೆದ ಕೈ ಇದು. "ಹತ್ತಿಯ ಬೀಜ ಒಡೆದು ನೋಡಿದ್ದೀರಾ? ಅದೂ ಎರಡೇ ಬೇಳೆ. ಹಾಗಾದ್ರೆ ದೇವರ ಮುಂದೆ ಉರಿಯೋ ಬತ್ತಿ ಏನು?" ಎಂದು ಕೇಳಿದೆ.

ಗೆದ್ದೆ ಅಂದುಕೊಂಡೆ. ಸುಧೀಂದ್ರ ಕನ್ನಡಕ ತೆಗೆದು ಒರೆಸಿಕೊಂಡು, "ಅತ್ತಿಗೆ ಹೇಳೋದು ಯೋಚನೆ ಮಾಡೋ ವಿಷಯ" ಎಂದರು. ವಾದಿರಾಜರು ಕಣ್ಣು ಮುಚ್ಚಿ ಯೋಚಿಸಿದರು. ಕೊನೆಗೆ, "ದೇವರ ಬತ್ತಿ ಹಿರಿಯರಿಂದ ನಡೆದು ಬಂದದ್ದು, ಅದಕ್ಕೆ ವಿನಾಯಿತಿ. ಲೋಟದ ಬತ್ತಿಗೆ ಇಲ್ಲ" ಎಂದರು. ಅಧ್ಯಕ್ಷರು ಬರೆದುಕೊಂಡರು: ಬತ್ತಿ, ರಿಜೆಕ್ಟ್. ಈಗ ನನ್ನ ಬಳಿ ಪಾಸಾಗಿ ಉಳಿದದ್ದು ಬರಿಯ ಗಾಜಿನ ಲೋಟ. ಅದನ್ನು ನೀರು ಕುಡಿಯಲು ಬಳಸಬಹುದಿತ್ತು.

ಕೊನೆಯ ನಿರ್ಣಯವನ್ನು ಯಜಮಾನರು ಎದ್ದು ನಿಂತು ಓದಿದರು. "ಸೋಯಾ ಮೇಣವು ತಾಂತ್ರಿಕವಾಗಿ ಯೋಗ್ಯವಾಗಿದೆ. ಉತ್ಥಾನ ದ್ವಾದಶಿಯ ನಂತರ ಖರೀದಿಸಬಹುದು."

ಉತ್ಥಾನ ದ್ವಾದಶಿಗೆ ವ್ರತ ಮುಗಿಯುತ್ತದೆ, ತುಳಸಿಪೂಜೆ ನಡೆಯುತ್ತದೆ. ಅಷ್ಟರಲ್ಲಿ ದೀಪಾವಳಿ ಕಳೆದು, ಪಟಾಕಿಯ ಕಸವನ್ನೂ ಗುಡಿಸಿ ಆಗಿರುತ್ತದೆ. ಮೂವರೂ ಪರಸ್ಪರ ಕೈ ಕುಲುಕಿದರು. ಆಗ ಇವರ ಮುಖ ನೋಡಿದೆ. ಕಮಿಟಿ ಶುರುವಾದಾಗಿನಿಂದ ದಿನಾ ಗಡ್ಡ ಹೆರೆಯುತ್ತಿದ್ದರು, ಬೆಳಗ್ಗೆ ಬೇಗ ಏಳುತ್ತಿದ್ದರು, ಅಂಗಳದಲ್ಲಿ ಸುಮ್ಮನೆ ನಿಂತು ಹಾದುಹೋಗುವ ಮೆಟ್ರೋ ರೈಲುಗಳ ಲೆಕ್ಕ ಮಾಡುವುದನ್ನು ಬಿಟ್ಟಿದ್ದರು. ಆ ಮುಖದಲ್ಲಿ ಹೊಳಪಿತ್ತು. ನನಗೆ ಅರ್ಥವಾಯಿತು. ಇವರಿಗೆ ಸೋಯಾದ ಮೇಲೆ ಕೋಪವಿಲ್ಲ, ದ್ವಿದಳದ ಮೇಲೆ ಅಷ್ಟೇನೂ ಭಕ್ತಿಯೂ ಇಲ್ಲ. ಮೇಣ ಆರಿಸಿಬಿಟ್ಟರೆ ಕಮಿಟಿಗೆ ಕೆಲಸ ಮುಗಿಯುತ್ತದೆ, ಅಷ್ಟೇ. ಪಾಪ ಅನ್ನಿಸಿತು. ಆ ಪಾಪದ ಹಿಂದೆಯೇ ಅದಕ್ಕಿಂತ ದೊಡ್ಡ ಸಿಟ್ಟು ಬಂತು. ಇವರ ಹೊಳಪಿಗೆ ಎಣ್ಣೆ ನನ್ನದೇ ಆಗಬೇಕೇ?

ಮರುದಿನ ಬೆಳಗ್ಗೆ ಶ್ರೀರಂಜನಿಯ ಫೋನು. "ಅಮ್ಮಾ, ಆಗುತ್ತೋ ಇಲ್ವೋ ಇವತ್ತೇ ಹೇಳ್ಬೇಕಂತೆ. ಆಗಲ್ಲ ಅಂದ್ರೆ ಡ್ರೈ ಫ್ರೂಟ್ ಡಬ್ಬಿ ತಗೋತಾರಂತೆ. ಅಪ್ಪ ಏನಂದ್ರು?"

"ಅಪ್ಪನ್ನ ಯಾಕೆ ಕೇಳ್ತೀಯಾ? ಆಗುತ್ತೆ ಅಂತ ಹೇಳು."

ಆಟೋ ಹಿಡಿದು ಪೀಣ್ಯಕ್ಕೆ ಹೋದೆ. ನಂದೀಶ್ ನಾನೊಬ್ಬಳೇ ಬಂದದ್ದನ್ನು ನೋಡಿ ಬೀದಿಯ ಕಡೆ ಇಣುಕಿದ. "ಸಾರ್ ಬರ್ಲಿಲ್ವಾ ಅಮ್ಮಾ?"

"ಅವರು ಮೀಟಿಂಗಿನಲ್ಲಿದ್ದಾರೆ. ಸೋಯಾ ಹಾಕು."

ಅಡುಗೆಮನೆಗೆ ಒಯ್ಯಲಿಲ್ಲ. ನಾನೂ ಅದೇ ಮಡಿಯಲ್ಲಿ ಬೆಳೆದವಳು. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ವ್ರತ ಮಾಡುವವಳು ನಾನು, ಇವರು ಉಣ್ಣುವವರು. ಬೇಳೆಯಿಲ್ಲದೆ ತಿಂಗಳಿಡೀ ಏನು ಬೇಯಿಸುವುದೆಂದು ಯಾವ ಕಮಿಟಿಯೂ ಇವತ್ತಿನವರೆಗೆ ಕೂತಿಲ್ಲ. ಹಿಂದುಗಡೆ, ವಾಷಿಂಗ್ ಮೆಷೀನಿನ ಪಕ್ಕ, ಹಳೆಯ ಗ್ಯಾಸ್ ಸ್ಟೋವ್ ಹೂಡಿದೆ. ದೊಡ್ಡ ಪಾತ್ರೆಯಲ್ಲಿ ಬಿಸಿನೀರು, ಅದರೊಳಗೆ ಮೇಣದ ಪಾತ್ರೆ. ಚಕ್ಕೆಗಳು ಕರಗಿ ತಿಳಿಯಾದವು. ಸಂಪಿಗೆಯ ಎಣ್ಣೆ ಬೆರೆಸಿದೆ. ಕ್ವಾರ್ಟರ್ಸಿನ ಕಿಟಕಿ ತೆರೆದಂತಾಯಿತು.

ವಾಸನೆಗೆ ಯಜಮಾನರು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಪ್ಯಾಡು.

"ಇದೇನು? ಅಪ್ರೂವಲ್ ಇಲ್ಲದೆ?"

"ಹೌದು."

"ನಾಳೆ ಕೆಟ್ಟರೆ? ಮಧ್ಯೆ ಗುಂಡಿ ಬಿದ್ದರೆ, ಲೋಟ ಬಿರಿದರೆ, ಯಾರ ಹೆಸರು ಕೆಡೋದು?"

ಸೌಟು ಕೆಳಗಿಟ್ಟೆ. "ನಂದು ರೀ. ನನ್ನ ಹೆಸರು. ನಿಮ್ಮ ಕೈ ಹಿಡಿದ ಮೇಲೆ ನನ್ನಿಂದ ಏನು ಕೆಟ್ಟರೂ ನಿಮ್ಮ ಹೆಸರೇ ಕೆಡ್ತಿತ್ತು. ಹುಳಿಗೆ ಉಪ್ಪು ಹೆಚ್ಚಾದ್ರೂ ಕೃಷ್ಣಸ್ವಾಮಿ ಮನೆ ಹುಳಿ. ಕೆಡೋಕಾದ್ರೂ ನನಗೆ ಅಂತ ಒಂದು ಹೆಸರು ಬೇಡ್ವಾ? ಈ ಮೇಣ ನಾನು ಆರಿಸಿದ್ದು. ಇದು ಪಾಸಾಗೋದು ಬೇಡ, ರಿಜೆಕ್ಟ್ ಆಗೋದೂ ಬೇಡ. ಇದನ್ನ ನಾನು ಹುಯ್ತೀನಿ, ಅಷ್ಟೆ."

ಇಷ್ಟು ಉದ್ದ ನಾನು ಅವರೆದುರು ಎಂದೂ ಮಾತಾಡಿರಲಿಲ್ಲ. ಅವರು ಪ್ಯಾಡನ್ನು ನೋಡಿದರು, ನನ್ನನ್ನು ನೋಡಿದರು. ಬರೆಯಲು ಏನೂ ಸಿಗಲಿಲ್ಲವೆಂದು ಕಾಣುತ್ತದೆ. ಒಳಗೆ ಹೋದರು. ಬೀರುವಿನ ಬೀಗದ ಸದ್ದು ಕೇಳಿಸಿತು. ಮುಚ್ಚಳಗಳ ಪೆಟ್ಟಿಗೆಯನ್ನು ತಂದು ಮೆಷೀನಿನ ಮೇಲಿಟ್ಟು ಹೊರಟುಹೋದರು.

ಸಂಜೆ ಕಮಿಟಿ ಬಂತು. ಬತ್ತಿಯ ಬಗ್ಗೆ ವಿಶೇಷ ಸಭೆಯಿತ್ತಂತೆ. ನಾನು ಸೌಟು ಹಿಡಿದೇ ಹೊರಗೆ ಬಂದು, ಇವತ್ತು ತಿಂಡಿಯಿಲ್ಲ, ಕೆಲಸವಿದೆ ಎಂದೆ. ಸುಧೀಂದ್ರ ಮೇಣದ ಪಾತ್ರೆಯ ಹತ್ತಿರ ಹೋದವರೇ ಥರ್ಮಾಮೀಟರು ಹಿಡಿದುಕೊಂಡು ಬಿಟ್ಟರು. ಲ್ಯಾಬಿನ ಕೈ ಅಲ್ಲವೇ, ತಡೆಯಲಿಲ್ಲ. ವಾದಿರಾಜರು ದ್ವಿದಳವನ್ನು ಮುಟ್ಟುವುದಿಲ್ಲ ಎಂದು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ರಟ್ಟಿನ ಡಬ್ಬಿ ಮಡಿಚತೊಡಗಿದರು. ರಟ್ಟು ದ್ವಿದಳವೋ ಅಲ್ಲವೋ ಎಂದು ನಾನು ಕೇಳಲಿಲ್ಲ. ಅವರೂ ಆ ಕಡೆ ಯೋಚನೆ ಹರಿಸಲಿಲ್ಲ.

ಮರುದಿನದೊಳಗೆ ಎಲ್ಲವನ್ನೂ ಹೊಯ್ದು ಮುಗಿಸಿ ಎರಡು ವಾರ ಮುಚ್ಚಿಟ್ಟೆವು. ಹಬ್ಬಕ್ಕೆ ಮುಂಚೆ ಎಲ್ಲ ಲೋಟಗಳೂ ಮುಚ್ಚಳದ ಮೇಲೆ ನನ್ನ ಹೆಸರು ಹೊತ್ತು ವೈಟ್‌ಫೀಲ್ಡ್ ಸೇರಿದವು. ಚೆನ್ನಾಗಿವೆ ಅಂದರಂತೆ. ಆದರೆ ನಾನು ಹೇಳಬೇಕೆಂದುಕೊಂಡದ್ದು ಅದಲ್ಲ, ಆ ಮೊದಲ ಸಂಜೆ ನಡೆದ ಇನ್ನೊಂದು ಸಣ್ಣ ವಿಷಯ.

ಎಲ್ಲರೂ ಏನಾದರೊಂದು ಮಾಡುತ್ತಿದ್ದಾಗ ಅಧ್ಯಕ್ಷರು ಸ್ವಲ್ಪ ಹೊತ್ತು ಕೈ ಕಟ್ಟಿ ನಿಂತಿದ್ದರು. ಆಮೇಲೆ ನೆಲದ ಮೇಲೆ ಕುಳಿತು ಒಂದು ಲೋಟ ತೆಗೆದುಕೊಂಡರು. ಬತ್ತಿಯ ತಳದ ತಗಡಿಗೆ ಅಂಟು ಹಚ್ಚಿ, ಲೋಟದ ತಳದಲ್ಲಿ ನಡುಮಧ್ಯಕ್ಕೆ ನಿಲ್ಲಿಸುವ ಕೆಲಸ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಜೇಬಿನಿಂದ ಸಣ್ಣ ಸ್ಕೇಲು ತೆಗೆದು ನಾಲ್ಕೂ ಕಡೆಯಿಂದ ಅಳೆದರು. ಮುಗಿಸಿ, ಎದ್ದು ಬಂದು, ಲೋಟವನ್ನು ನನ್ನ ಮುಂದೆ ಹಿಡಿದರು.

"ಪಾಸಾ?"

ನಾನು ಲೋಟವನ್ನು ಬೆಳಕಿಗೆ ಹಿಡಿದೆ. ತಿರುಗಿಸಿದೆ. ಮತ್ತೊಮ್ಮೆ ತಿರುಗಿಸಿದೆ. ಸುಧೀಂದ್ರ ಥರ್ಮಾಮೀಟರು ಮರೆತು ನೋಡುತ್ತಿದ್ದರು, ವಾದಿರಾಜರ ಕೈಯ ಡಬ್ಬಿ ಅರ್ಧಕ್ಕೇ ನಿಂತಿತ್ತು.

"ರಿಜೆಕ್ಟ್" ಎಂದೆ.

ಅವರು ಲೋಟ ಇಸಿದುಕೊಂಡು, ಹೋಗಿ, ಬತ್ತಿ ಕಿತ್ತು, ಮತ್ತೆ ಅಂಟು ಹಚ್ಚಲು ಕೂತರು. ಅವರ ಬೋಳುತಲೆ ಬಗ್ಗಿದ್ದನ್ನು ನೋಡುತ್ತ ನಿಂತೆ.

ಬತ್ತಿ ನಡುಮಧ್ಯಕ್ಕೇ ಇತ್ತು. ಕೂದಲೆಳೆಯಷ್ಟೂ ವಾಲಿರಲಿಲ್ಲ. ರಿಜೆಕ್ಟ್ ಅನ್ನುವ ಆ ಮಾತು ಹೇಳಿದರೆ ಹೇಗಿರುತ್ತದೆ ಎಂದು ನನಗೂ ಒಂದು ಸಲ ನೋಡಬೇಕಾಗಿತ್ತು.